ತೆರೆದ ಪತ್ರವನ್ನು ಓದುವವರಾರು?

ಕಳೆದ ವರ್ಷ ಒಂದು ಭಾನುವಾರ ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಿಂತಿದ್ದಾಗ ಪರಿಚಿತ ಹಿರಿಯರೊಬ್ಬರು ನನ್ನನ್ನು ಕೇಳಿದರು: "ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ ಕಾನೂನಿಗೆ ಸೇರಿದ್ದೀಯಂತೆ. ಅದರಲ್ಲೂ ಪೇಟೆಂಟ್ ವಿಷಯವಂತೆ. ಒಳ್ಳೆಯ ಸಂಬಳವಿರಬೇಕಲ್ಲವೇ?" ನಾನು ಉತ್ತರಿಸುವ ಮೊದಲೇ ಅವರ ಪಕ್ಕದಲ್ಲಿದ್ದ ನಿವೃತ್ತ ಉಪಾಧ್ಯಾಯರು ನುಡಿದರು: "ಸಂಬಳವೇನೋ ಇದ್ದೀತು. ಆದರೆ ಬೇವು, ಅರಿಸಿನಗಳನ್ನೂ ತಮ್ಮದೆಂದು ಬರೆಸಿಕೊಳ್ಳುವವರ ಬಳಿ ಗುಮಾಸ್ತೆ ಕೆಲಸ ನಮ್ಮ ಮಕ್ಕಳಿಗೇಕೆ?"

ಆ ದಿನ ಇಬ್ಬರಿಗೂ ನಗುವೊಂದೇ ನನ್ನ ಉತ್ತರವಾಗಿತ್ತು. ಮನೆಗೆ ಬಂದ ಮೇಲೆ ಆ ನಗು ನನ್ನನ್ನೇ ಚುಚ್ಚತೊಡಗಿತು. ಅಂಗಳದಲ್ಲಿ ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಪ್ರಿಯ ಓದುಗರೇ, ಆ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವೆಂದು ತೋರುತ್ತವೆ. ಒಂದು ಮೆಚ್ಚುಗೆ, ಇನ್ನೊಂದು ತಿರಸ್ಕಾರ. ಆದರೆ ಎರಡರ ತಳದಲ್ಲೂ ಇರುವುದು ಒಂದೇ ನಂಬಿಕೆ: ಪೇಟೆಂಟ್ ಎಂಬುದು ದೊಡ್ಡ ಕಂಪನಿಗಳ ಮನೆವಾರ್ತೆ, ನಮಗೂ ಅದಕ್ಕೂ ಸಂಬಂಧವಿಲ್ಲ. ಆ ಮನೆಯೊಳಕ್ಕೆ ಹೋಗುವವರು ಹಣಕ್ಕಾಗಿ ಹೋಗುತ್ತಾರೆ, ಹೊರಗೆ ನಿಲ್ಲುವವರು ಮಾನಕ್ಕಾಗಿ ನಿಲ್ಲುತ್ತಾರೆ. ಈ ನಂಬಿಕೆ ತಪ್ಪು ಎಂಬುದೇ ನನ್ನ ವಾದ. ಪೇಟೆಂಟ್ ಸಾರ್ವಜನಿಕರೊಂದಿಗೆ ಮಾಡಿಕೊಂಡ ಕರಾರು. ಆ ಕರಾರಿನಲ್ಲಿ ಒಂದು ಪಕ್ಷ ಸಂಶೋಧಕನಾದರೆ, ಇನ್ನೊಂದು ಪಕ್ಷ ನಾವು ನೀವು. ಎದುರು ಪಕ್ಷ ತನ್ನ ಪರವಾಗಿ ಓದಲು ನೂರಾರು ಪರಿಣತರನ್ನು ಇಟ್ಟುಕೊಂಡಿದೆ. ನಮ್ಮ ಪಕ್ಷದವರು ಕಾಗದವನ್ನು ತೆರೆದೇ ನೋಡುವುದಿಲ್ಲ. ನೋಡದೆ ದೂರುತ್ತೇವೆ, ಇಲ್ಲವೇ ನೋಡದೆ ಬೆಲೆ ತೆರುತ್ತೇವೆ.

ಪದದೊಳಗೇ ಇರುವ ಅರ್ಥ

ಪೇಟೆಂಟ್ ಎಂಬ ಪದ ಲ್ಯಾಟಿನ್ ಮೂಲದ್ದು. 'ಲಿಟ್ಟೆರೇ ಪಾಟೆಂಟೆಸ್' ಎಂದರೆ ತೆರೆದ ಪತ್ರಗಳು. ಅರಸನ ಮುದ್ರೆಯನ್ನು ಕಾಗದದ ಕೆಳಗೆ ತೂಗುಬಿಟ್ಟು, ಮುದ್ರೆ ಒಡೆಯದೆಯೇ ಯಾರು ಬೇಕಾದರೂ ಓದುವಂತೆ ಹೊರಡಿಸುತ್ತಿದ್ದ ಪತ್ರಗಳವು. ಹೊಸ ಉಪಕರಣ ಕಂಡುಹಿಡಿದವನಿಗೆ ನಿರ್ದಿಷ್ಟ ಅವಧಿಯ ಏಕಸ್ವಾಮ್ಯ ನೀಡುವ ಕಾನೂನನ್ನು ವೆನಿಸ್ ಗಣರಾಜ್ಯ 1474ರಷ್ಟು ಹಿಂದೆಯೇ ಮಾಡಿತ್ತು. ಅಂದಿನಿಂದ ಇಂದಿನವರೆಗೆ ಕರಾರಿನ ತಿರುಳು ಬದಲಾಗಿಲ್ಲ: ನಿನ್ನ ಗುಟ್ಟನ್ನು ನಮಗೆ ಪೂರ್ತಿಯಾಗಿ ತಿಳಿಸು, ಕೆಲವು ವರ್ಷ ಅದನ್ನು ನೀನೊಬ್ಬನೇ ಬಳಸಿಕೋ, ಬಳಿಕ ಅದು ಎಲ್ಲರದಾಗಲಿ.

ನಮ್ಮ ದೇಶದಲ್ಲಿ ಇಂದು ಈ ಅವಧಿ, ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಅರ್ಜಿಯು ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ. ಆ ವಿದ್ಯೆಯಲ್ಲಿ ಪಳಗಿದ ಇನ್ನೊಬ್ಬನು ಓದಿ ಅದೇ ವಸ್ತುವನ್ನು ತಯಾರಿಸಬಲ್ಲಷ್ಟು ಸ್ಪಷ್ಟವಾಗಿ ವಿವರಣೆ ಬರೆದಿರಬೇಕು. ಹಾಗೆ ಬರೆಯದಿದ್ದರೆ ಪೇಟೆಂಟ್ ಕೊಡಬಾರದು, ಕೊಟ್ಟಿದ್ದರೂ ರದ್ದುಮಾಡಬಹುದು. ಪದವಿಯ ಕೊನೆಯ ವರ್ಷದಲ್ಲಿ ನಾನು ಮೊದಲ ಬಾರಿ ಇಂಥದೊಂದು ವಿವರಣೆಯನ್ನು ಓದಿದೆ. ಪ್ರಯೋಗಾಲಯದಲ್ಲಿ ಕಲಿತ ಅದೇ ಲವಣಗಳು, ಅದೇ ಹರಳುಗಳು ಅಲ್ಲಿದ್ದವು. ಆದರೆ ಕೊನೆಯ ಪುಟಗಳಲ್ಲಿ ಸಂಖ್ಯೆ ಹಾಕಿ ಬರೆದ ಹಕ್ಕುಕೋರಿಕೆಗಳ ಒಂದೊಂದು ಪದವೂ ಯಾರೋ ಒಬ್ಬ ರೋಗಿಯ ಕಿಸೆಗೆ ಕೈಹಾಕುವ ಶಕ್ತಿಯುಳ್ಳದ್ದೆಂದು ಅಂದು ಅರಿವಾಯಿತು. ಬೇರೆ ಯಾವ ಕಾರಣ ಇಲ್ಲದಿದ್ದರೂ ಆ ಪುಟಗಳೇ ನನ್ನನ್ನು ಕಾನೂನಿನ ಕಡೆಗೆ ಎಳೆಯಲು ಸಾಕಾಗಿದ್ದವು.

ಓದಿದವರು ಕಟ್ಟಿದ ಕಾನೂನು

ಬ್ರಿಟಿಷರು ಬಿಟ್ಟುಹೋದ 1911ರ ಕಾಯಿದೆಯಡಿ ಔಷಧವಸ್ತುವಿಗೇ ಪೇಟೆಂಟ್ ದೊರೆಯುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೂ ಬಡದೇಶವಾದ ನಮ್ಮಲ್ಲಿ ಹಲವು ಔಷಧಗಳ ಬೆಲೆ ಶ್ರೀಮಂತ ದೇಶಗಳಿಗಿಂತ ಹೆಚ್ಚಾಗಿತ್ತು. ಆಗ ಸರ್ಕಾರದ ಕೋರಿಕೆಯ ಮೇರೆಗೆ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು ಇಡೀ ವ್ಯವಸ್ಥೆಯನ್ನು ಪರಿಶೀಲಿಸಿ 1959ರಲ್ಲಿ ವರದಿ ಕೊಟ್ಟರು. ಭಾರತದ ಪೇಟೆಂಟುಗಳಲ್ಲಿ ಬಹುಪಾಲು ವಿದೇಶೀಯರ ಕೈಯಲ್ಲಿವೆ, ಅವುಗಳಲ್ಲಿ ಹೆಚ್ಚಿನವು ಇಲ್ಲಿ ಉತ್ಪಾದನೆಗೆ ಬಳಕೆಯಾಗದೆ ಮಾರುಕಟ್ಟೆಗೆ ಹಾಕಿದ ಬೇಲಿಗಳಾಗಿವೆ ಎಂಬುದನ್ನು ಅವರು ದಾಖಲೆ ಸಮೇತ ತೋರಿಸಿದರು. ಪೇಟೆಂಟನ್ನೇ ಕಿತ್ತೊಗೆಯಿರಿ ಎಂದು ಅವರು ಹೇಳಲಿಲ್ಲ. ಕರಾರನ್ನು ನಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿ ಬರೆಯಿರಿ ಎಂದರು.

ಆ ವರದಿಯ ಬುನಾದಿಯ ಮೇಲೆ ರೂಪುಗೊಂಡದ್ದೇ 1970ರ ಪೇಟೆಂಟ್ ಕಾಯಿದೆ. 1972ರ ಏಪ್ರಿಲ್ 20ರಂದು ಅದು ಜಾರಿಗೆ ಬಂತು. ಆಹಾರ ಮತ್ತು ಔಷಧಗಳಿಗೆ ಉತ್ಪನ್ನದ ಮೇಲೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರ, ಅದೂ ಅಲ್ಪಾವಧಿಗೆ ಎಂದು ಆ ಕಾಯಿದೆ ವಿಧಿಸಿತು. ನಮ್ಮ ರಸಾಯನಶಾಸ್ತ್ರಜ್ಞರು ಅದೇ ಔಷಧಕ್ಕೆ ಬೇರೆ ದಾರಿ ಹುಡುಕಿದರು. ಫಲವನ್ನು ಜಗತ್ತೇ ಕಂಡಿತು. ಏಡ್ಸ್ ರೋಗಿಯೊಬ್ಬರ ಒಂದು ವರ್ಷದ ಚಿಕಿತ್ಸೆಗೆ 10,000 ಡಾಲರಿಗೂ ಹೆಚ್ಚು ವೆಚ್ಚವಾಗುತ್ತಿದ್ದ ಕಾಲದಲ್ಲಿ, 2001ರಲ್ಲಿ, ಸಿಪ್ಲಾ ಸಂಸ್ಥೆ ಮೂರು ಔಷಧಗಳ ಸಂಯೋಜನೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ 'ಗಡಿಯಿಲ್ಲದ ವೈದ್ಯರು' ಸಂಘಟನೆಗೆ ತಿಳಿಸಿತು. ಆಫ್ರಿಕಾದ ಹಳ್ಳಿಯೊಂದರ ತಾಯಿಯ ಆಯುಸ್ಸಿಗೂ, ಭಾರತದ ನ್ಯಾಯಮೂರ್ತಿಯೊಬ್ಬರು ನಲವತ್ತು ವರ್ಷಗಳ ಹಿಂದೆ ಬರೆದ ನೀರಸ ವರದಿಗೂ ಇಂಥ ನಂಟಿತ್ತು.

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯರಾದ ಮೇಲೆ ನಾವು ಕಾನೂನನ್ನು ಮತ್ತೆ ಬದಲಿಸಬೇಕಾಯಿತು. 2005ರ ಜನವರಿ 1ರಿಂದ ಔಷಧವಸ್ತುವಿಗೆ ಪೇಟೆಂಟ್ ಮರಳಿ ಬಂತು. ಆದರೆ ಸಂಸತ್ತು ಅದೇ ವರ್ಷ ಕಾಯಿದೆಯ ಸೆಕ್ಷನ್ 3(ಡಿ)ಯನ್ನು ಬಿಗಿಗೊಳಿಸಿತು. ಈಗಾಗಲೇ ತಿಳಿದಿರುವ ವಸ್ತುವಿನ ಹೊಸ ರೂಪವೊಂದನ್ನು ಮುಂದಿಟ್ಟು ಹೊಸ ಪೇಟೆಂಟ್ ಕೇಳುವಂತಿಲ್ಲ. ಆ ಹೊಸ ರೂಪ ಗುಣದಲ್ಲಿ ಗಣನೀಯವಾಗಿ ಮೇಲೆಂದು ತೋರಿಸಬೇಕು. ಕೆಲವೇ ಸಾಲುಗಳ ಈ ನಿಯಮ ಎಂಥದೆಂಬುದು ರಕ್ತದ ಕ್ಯಾನ್ಸರಿನ ಔಷಧವೊಂದರ ಮೊಕದ್ದಮೆಯಲ್ಲಿ ಗೊತ್ತಾಯಿತು.

ದಾನವೋ ನ್ಯಾಯವೋ

ನೋವಾರ್ಟಿಸ್ ಕಂಪನಿಯ ಗ್ಲಿವೆಕ್ ಎಂಬ ಔಷಧ ನಿಜಕ್ಕೂ ದೊಡ್ಡ ಸಂಶೋಧನೆ. ಮಾರಕವೆನಿಸಿದ್ದ ಒಂದು ಬಗೆಯ ರಕ್ತದ ಕ್ಯಾನ್ಸರನ್ನು ಅದು ಮಾತ್ರೆ ನುಂಗಿ ಬಾಳಬಹುದಾದ ರೋಗವನ್ನಾಗಿಸಿತು. ಅದರ ಮೂಲವಸ್ತುವಿಗೆ ಬೇರೆಡೆ 1990ರ ದಶಕದಲ್ಲೇ ಪೇಟೆಂಟ್ ಕೋರಲಾಗಿತ್ತು. ಅದೇ ವಸ್ತುವಿನ ಒಂದು ಹರಳುರೂಪಕ್ಕೆ ಕಂಪನಿಯು 1998ರಲ್ಲಿ ಚೆನ್ನೈ ಕಚೇರಿಯಲ್ಲಿ ಅರ್ಜಿ ಸಲ್ಲಿಸಿತು. ಕಂಪನಿಯ ಔಷಧಕ್ಕೆ ತಿಂಗಳಿಗೆ ಸುಮಾರು 1,20,000 ರೂಪಾಯಿ; ನಮ್ಮ ದೇಶದ ತಯಾರಕರ ಅದೇ ಔಷಧಕ್ಕೆ ಸುಮಾರು 8,000ದಿಂದ 10,000 ರೂಪಾಯಿ. ಕ್ಯಾನ್ಸರ್ ರೋಗಿಗಳ ಪರವಾದ ಸಂಸ್ಥೆಯೊಂದು ಮತ್ತು ಕೆಲವು ತಯಾರಕರು ಆಕ್ಷೇಪಣೆ ಸಲ್ಲಿಸಿದರು. 2006ರಲ್ಲಿ ಅರ್ಜಿ ತಿರಸ್ಕೃತವಾಯಿತು. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ಸೆಕ್ಷನ್ 3(ಡಿ)ಯ ಮಾನದಂಡದಿಂದ ಅಳೆದು ಆ ತಿರಸ್ಕಾರವನ್ನು ಎತ್ತಿಹಿಡಿಯಿತು.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚಬಾರದು. ಅದೇ ಕಂಪನಿ ನಮ್ಮ ದೇಶದ ಸಾವಿರಾರು ರೋಗಿಗಳಿಗೆ ಆ ಔಷಧವನ್ನು ಉಚಿತವಾಗಿ ಕೊಡುತ್ತಿತ್ತು. ಹಾಗಿದ್ದ ಮೇಲೆ ಮೊಕದ್ದಮೆಯ ಗೊಡವೆ ಏಕೆ ಎಂದು ಕೇಳುವವರುಂಟು. ದಾನಧರ್ಮದ ಬೆಲೆಯನ್ನು ಬಲ್ಲ ನಮ್ಮಂಥವರಲ್ಲೇ ಈ ಪ್ರಶ್ನೆ ಹೆಚ್ಚು. ನಾನು ವಿನಯದಿಂದ ಹೇಳುವುದಿಷ್ಟು: ದಾನ ದೊಡ್ಡದು, ಆದರೆ ದಾನಿಯ ಮನಸ್ಸು ಬದಲಾದ ದಿನ ಅದು ನಿಲ್ಲುತ್ತದೆ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬುದನ್ನೂ ದಾನಿಯೇ ನಿರ್ಧರಿಸುತ್ತಾನೆ. ನ್ಯಾಯವಾದ ಬೆಲೆಗೆ ಅಂಗಡಿಯಲ್ಲಿ ಔಷಧ ದೊರೆತರೆ ರೋಗಿ ಯಾರ ಮುಂದೆಯೂ ತಲೆಬಾಗಬೇಕಿಲ್ಲ. ದಾನದ ಪಟ್ಟಿಯಲ್ಲಿ ಹೆಸರು ಬರೆಸಲು ಕೈಮುಗಿದು ನಿಂತ ಮನೆಯವರನ್ನು ನಾನು ಕಂಡಿದ್ದೇನೆ. ಅವರ ಕೃತಜ್ಞತೆಯಲ್ಲಿ ಸುಳ್ಳಿರಲಿಲ್ಲ, ಅವರ ಅವಮಾನದಲ್ಲೂ ಸುಳ್ಳಿರಲಿಲ್ಲ.

ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. ಔಷಧಗಳಿಗೆ ಬಗ್ಗದ ಕ್ಷಯರೋಗಕ್ಕೆ ಬೆಡಾಕ್ವಿಲಿನ್ ಎಂಬ ಔಷಧವಿದೆ. ಅದರ ಮೂಲ ಪೇಟೆಂಟಿನ ಅವಧಿ 2023ರ ಜುಲೈಯಲ್ಲಿ ಮುಗಿಯುವುದಿತ್ತು. ಅದರ ಒಂದು ಲವಣರೂಪಕ್ಕೆ ಬೇರೊಂದು ಪೇಟೆಂಟ್ ದೊರೆತಿದ್ದರೆ ಏಕಸ್ವಾಮ್ಯ 2027ರವರೆಗೆ ಮುಂದುವರಿಯುತ್ತಿತ್ತು. ಇದನ್ನು ತಡೆಯಲು 2019ರಲ್ಲಿ ಆಕ್ಷೇಪಣೆ ಸಲ್ಲಿಸಿದವರಲ್ಲಿ ಇಬ್ಬರು ಯುವತಿಯರಿದ್ದರು: ಭಾರತದ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ. ಇಬ್ಬರೂ ಕ್ಷಯದಿಂದ ಬದುಕಿ ಉಳಿದವರು. ಹಳೆಯ ಔಷಧಗಳ ಅಡ್ಡಪರಿಣಾಮದಿಂದ ಶ್ರವಣಶಕ್ತಿಯನ್ನು ಕಳೆದುಕೊಂಡವರು. 2023ರ ಮಾರ್ಚ್ 23ರಂದು ಭಾರತದ ಪೇಟೆಂಟ್ ಕಚೇರಿ ಅವರ ಆಕ್ಷೇಪಣೆಯನ್ನು ಮನ್ನಿಸಿ ಆ ಅರ್ಜಿಯನ್ನು ತಿರಸ್ಕರಿಸಿತು.

ಅವರು ಔಷಧ ತಯಾರಕರಲ್ಲ, ಅವರಿಗೆ ಇದರಲ್ಲಿ ವ್ಯಾಪಾರವಿರಲಿಲ್ಲ. ಕಾಯಿದೆಯ ಸೆಕ್ಷನ್ 25ರಲ್ಲಿ, ಪ್ರಕಟವಾದ ಅರ್ಜಿಗೆ ಪೇಟೆಂಟ್ ಕೊಡುವ ಮೊದಲು 'ಯಾವುದೇ ವ್ಯಕ್ತಿ' ಆಕ್ಷೇಪಿಸಬಹುದು ಎಂದಿದೆ. ಆ ಎರಡು ಪದಗಳಲ್ಲಿ ನಾನಿದ್ದೇನೆ, ನೀವಿದ್ದೀರಿ, ಇಗರ್ಜಿಯ ಅಂಗಳದ ಆ ಇಬ್ಬರು ಹಿರಿಯರೂ ಇದ್ದಾರೆ. ತೆರೆದ ಪತ್ರ ನಮ್ಮ ವಿಳಾಸಕ್ಕೇ ಬಂದಿದೆ.

ಸಂಶೋಧಕನ ಕೂಲಿ

"ಹಾಗಾದರೆ ಸಂಶೋಧಕನ ಬೆವರಿಗೆ ಬೆಲೆಯಿಲ್ಲವೇ?" ಎಂಬುದು ಗಂಭೀರವಾದ ಪ್ರಶ್ನೆ. ದುಡಿದವನಿಗೆ ಕೂಲಿ ಸಲ್ಲಬೇಕೆಂಬ ನ್ಯಾಯ ಹೊಲಕ್ಕೂ ಪ್ರಯೋಗಾಲಯಕ್ಕೂ ಒಂದೇ. ಹತ್ತು ವರ್ಷ ಶ್ರಮಿಸಿ ಒಬ್ಬನು ಕಂಡುಹಿಡಿದದ್ದನ್ನು ಇನ್ನೊಬ್ಬನು ಮರುದಿನವೇ ನಕಲು ಮಾಡಿ ಮಾರಿದರೆ ಮೂರನೆಯವನು ಸಂಶೋಧನೆಗೆ ಇಳಿಯುವುದಿಲ್ಲ. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ 1923ರಲ್ಲಿ ತಮ್ಮ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಅವರ ಔದಾರ್ಯಕ್ಕೆ ತಲೆಬಾಗುತ್ತೇನೆ. ಆದರೆ ಎಲ್ಲ ಸಂಶೋಧಕರೂ ಸಂತರಾಗಲಿ ಎಂದು ನಿರೀಕ್ಷಿಸುವ ಕಾನೂನು ಕಾನೂನಲ್ಲ. ಕರಾರಿನಲ್ಲಿ ಕೂಲಿ ಇರಲೇಬೇಕು.

ಪ್ರಶ್ನೆಯಿರುವುದು ಅಳತೆಯಲ್ಲಿ. 2012ರ ಮಾರ್ಚಿನಲ್ಲಿ ಪೇಟೆಂಟ್ ಕಂಟ್ರೋಲರ್ ಅವರು ಬೇಯರ್ ಕಂಪನಿಯ ನೆಕ್ಸಾವರ್ ಎಂಬ ಕ್ಯಾನ್ಸರ್ ಔಷಧಕ್ಕೆ ಕಡ್ಡಾಯ ಪರವಾನಗಿ ನೀಡಿದ ಆದೇಶವನ್ನು ನೋಡಿ. ಒಂದು ತಿಂಗಳ ಔಷಧದ ಬೆಲೆ 2,80,428 ರೂಪಾಯಿಯಿತ್ತು. ಹೈದರಾಬಾದಿನ ನಾಟ್ಕೋ ಸಂಸ್ಥೆ ಅದನ್ನು 8,880 ರೂಪಾಯಿಗೆ ಮಾರಬೇಕೆಂದು ಆದೇಶವಾಯಿತು. ಪೇಟೆಂಟ್ ರದ್ದಾಗಲಿಲ್ಲ. ಮಾರಾಟದ ಶೇಕಡಾ 6ರಷ್ಟನ್ನು ಪೇಟೆಂಟ್ ಒಡೆಯನಿಗೆ ಗೌರವಧನವಾಗಿ ಕೊಡಬೇಕೆಂದು ವಿಧಿಸಲಾಯಿತು. ಬಳಿಕ ಮೇಲ್ಮನವಿಯಲ್ಲಿ ಅದನ್ನು ಶೇಕಡಾ 7ಕ್ಕೆ ಏರಿಸಲಾಯಿತು. ಸಂಶೋಧಕನ ಕೂಲಿಯೂ ಉಳಿಯಿತು, ರೋಗಿಯ ಜೀವಕ್ಕೂ ದಾರಿಯಾಯಿತು. ಇದನ್ನು ಸಾಧಿಸಿದ್ದು ಮೆರವಣಿಗೆಯಲ್ಲ. ಕಾಯಿದೆಯ ಸೆಕ್ಷನ್ 84ನ್ನು ಓದಿದವರು.

ಜ್ಞಾನದ ಒಡೆತನದಲ್ಲೂ ಅಳತೆ ಬೇಕೆಂಬುದು ನಮ್ಮ ಧರ್ಮಸಭೆಗೂ ಹೊಸ ಮಾತಲ್ಲ. ಬೌದ್ಧಿಕ ಆಸ್ತಿಯ ಹಕ್ಕನ್ನು, ಅದರಲ್ಲೂ ಆರೋಗ್ಯದ ಕ್ಷೇತ್ರದಲ್ಲಿ, ಅತಿಯಾದ ಬಿಗಿತನದಿಂದ ಸಾಧಿಸುವುದರ ಬಗ್ಗೆ ಪೋಪ್ ಹದಿನಾರನೆಯ ಬೆನೆಡಿಕ್ಟರು ತಮ್ಮ 2009ರ ವಿಶ್ವಪತ್ರದಲ್ಲಿ ಸ್ಪಷ್ಟವಾಗಿಯೇ ಎಚ್ಚರಿಸಿದ್ದಾರೆ. ನಮ್ಮ ಎಷ್ಟು ಧರ್ಮಕೇಂದ್ರಗಳಲ್ಲಿ ಆ ಮಾತನ್ನು ಕುರಿತು ಒಂದು ಸಂಜೆಯಾದರೂ ಚರ್ಚೆ ನಡೆದಿದೆ?

ಅಜ್ಜಿಯ ಅರಿಸಿನ, ಅಮ್ಮನ ಮಲ್ಲಿಗೆ

ಈಗ ಉಪಾಧ್ಯಾಯರ ಅರಿಸಿನದ ಮಾತಿಗೆ ಬರುತ್ತೇನೆ. ಗಾಯ ಮಾಯಲು ಅರಿಸಿನಪುಡಿಯನ್ನು ಬಳಸುವ ಬಗೆಗೆ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಅಲ್ಲಿನ ಕಚೇರಿ 1995ರಲ್ಲಿ ಪೇಟೆಂಟ್ ಕೊಟ್ಟದ್ದು ನಿಜ. ನಮ್ಮ ದೇಶದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ 1997ರಲ್ಲಿ ರದ್ದುಮಾಡಿಸಿತು. ನಾವೆಲ್ಲ ಆ ಗೆಲುವನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಗೆದ್ದದ್ದು ಹೇಗೆ? ಅಂದಿನ ಅಮೆರಿಕದ ಕಾನೂನಿನ ಪ್ರಕಾರ ಬೇರೆ ದೇಶದಲ್ಲಿ ಜನರು ಬಾಯಿಂದ ಬಾಯಿಗೆ ತಿಳಿದಿದ್ದ ವಿದ್ಯೆ ಸಾಕ್ಷ್ಯವಾಗುತ್ತಿರಲಿಲ್ಲ. ಪ್ರಕಟವಾದ ಬರಹ ಬೇಕಿತ್ತು. ಪ್ರಾಚೀನ ಸಂಸ್ಕೃತ ಗ್ರಂಥ, 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾಗಿದ್ದ ಲೇಖನ ಮುಂತಾದ ದಾಖಲೆಗಳನ್ನು ಹುಡುಕಿ ಒಪ್ಪಿಸಿದ ಮೇಲಷ್ಟೇ ಪೇಟೆಂಟ್ ಬಿತ್ತು. ಕೋಟ್ಯಂತರ ಅಜ್ಜಿಯರು ಮೊಮ್ಮಕ್ಕಳ ಮೊಣಕಾಲಿಗೆ ಹಚ್ಚಿದ ಅರಿಸಿನ ಆ ಕಚೇರಿಯಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಈ ಪಾಠದಿಂದಲೇ ಭಾರತವು 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿತು. ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳಲ್ಲಿ ಬರೆದಿಟ್ಟದ್ದು ಅಲ್ಲಿ ಸೇರಿತು. ಬರೆದಿಡದೆ ಮಲೆನಾಡಿನ ನಾಟಿವೈದ್ಯರ, ಕರಾವಳಿಯ ಸೂಲಗಿತ್ತಿಯರ ನಾಲಗೆಯಲ್ಲಿ ಉಳಿದದ್ದರ ಗತಿಯೇನು? ನಮ್ಮ ಕಾಯಿದೆ ಈ ವಿಷಯದಲ್ಲಿ ಉದಾರವಾಗಿದೆ. ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನಲ್ಲಿದ್ದ ಜ್ಞಾನವೂ ಆಕ್ಷೇಪಣೆಗೆ ಆಧಾರವಾಗಬಲ್ಲದೆಂದು ಸೆಕ್ಷನ್ 25 ಹೇಳುತ್ತದೆ. ಬಾಗಿಲು ತೆರೆದಿದೆ. ಆದರೆ ಪೇಟೆಂಟ್ ಕಚೇರಿಗೆ ಸಲ್ಲುವ ದಾಖಲೆಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈಗೆ. ಕನ್ನಡವೊಂದನ್ನೇ ಬಲ್ಲ ನಾಟಿವೈದ್ಯರಿಗೂ ಆ ಕಚೇರಿಗೂ ನಡುವೆ ನಿಂತು ಎರಡೂ ಕಡೆಯ ಮಾತು ಬಲ್ಲವರು ಬೇಡವೇ? ಅರಿಸಿನ ಕದ್ದರೆಂದು ವರ್ಷಗಟ್ಟಲೆ ಕೋಪಿಸಿಕೊಂಡವರು, ಆ ಕೋಪವನ್ನು ಒಂದು ಆಕ್ಷೇಪಣೆಯ ರೂಪದಲ್ಲಿ ಬರೆಯಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಓದಿಸಿದರೇ?

ನನ್ನ ಮನೆಯ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮದು ಉಡುಪಿ ಸಮೀಪದ ಶಂಕರಪುರದ ಕಡೆಯ ಮಲ್ಲಿಗೆ ಬೆಳೆಯುವ ಮನೆ. ಅಮ್ಮ ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡುಗಳನ್ನು ಸೇರಿಸಿ ಅಟ್ಟೆ ಮಾಡುತ್ತಾರೆ. ಆ ಹೂವಿನ ಹಣದಲ್ಲಿ ನಾನು ಓದಿದ್ದೇನೆ. ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ನೋಂದಣಿಯಿದೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಮಟ್ಟುಗುಳ್ಳ, ನಂಜನಗೂಡು ರಸಬಾಳೆಗಳಿಗೂ ಇದೆ. ಇದೂ ಬೌದ್ಧಿಕ ಆಸ್ತಿಯೇ. ಆದರೆ ಒಬ್ಬರ ಆಸ್ತಿಯಲ್ಲ. ಆ ಮಣ್ಣಿನಲ್ಲಿ ಬೆಳೆಯುವ ಎಲ್ಲರದು. ಅದನ್ನು ಯಾರಿಗೂ ಮಾರುವಂತಿಲ್ಲ, ವರ್ಗಾಯಿಸುವಂತಿಲ್ಲ ಎಂದು 1999ರ ಕಾಯಿದೆ ಹೇಳುತ್ತದೆ. ಬೆಳೆಗಾರನು ಅಧಿಕೃತ ಬಳಕೆದಾರನೆಂದು ಹೆಸರು ನೋಂದಾಯಿಸಿಕೊಳ್ಳಲು ಅವಕಾಶವಿದೆ. ತರಗತಿಯಲ್ಲಿ ಈ ಪಾಠ ಕೇಳಿದ ಸಂಜೆ ಮನೆಗೆ ಫೋನು ಮಾಡಿ ಕೇಳಿದೆ: "ಅಮ್ಮಾ, ನಮ್ಮ ಹೆಸರು ನೋಂದಣಿಯಾಗಿದೆಯೇ?" "ಯಾವ ನೋಂದಣಿ?" ಎಂದರು ಅಮ್ಮ. ವರ್ಷಗಳಿಂದ ತನ್ನದಾಗಿದ್ದ ಹಕ್ಕಿನ ಹೆಸರನ್ನು ಅವರು ಅಂದು ಮೊದಲ ಬಾರಿ ಕೇಳಿದರು. ತಪ್ಪು ಅಮ್ಮನದಲ್ಲ. ಅದೇ ಮನೆಯಲ್ಲಿ ಪದವಿ ಪಡೆದ ನನಗೂ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಬೀಜದ ವಿಷಯದಲ್ಲೂ ಇದೇ ಕತೆ. ರೈತನು ತಾನು ಬೆಳೆದ ಬೆಳೆಯಿಂದ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಬ್ರಾಂಡಿನ ಹೆಸರಿಲ್ಲದೆ ಮಾರಲೂಬಹುದು ಎಂದು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಸೆಕ್ಷನ್ 39 ಹೇಳುತ್ತದೆ. ಆದರೂ 2019ರಲ್ಲಿ ಪೆಪ್ಸಿಕೋ ಕಂಪನಿಯು ತನ್ನ ನೋಂದಾಯಿತ ಆಲೂಗಡ್ಡೆ ತಳಿಯನ್ನು ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿತು. ಕೆಲವರಿಂದ ತಲಾ ಒಂದು ಕೋಟಿ ರೂಪಾಯಿಗೂ ಮೀರಿದ ಪರಿಹಾರ ಕೇಳಿತು. ರೈತ ಸಂಘಟನೆಗಳು ಆ ಸೆಕ್ಷನ್ನನ್ನು ಎತ್ತಿ ತೋರಿಸಿ ಪ್ರತಿಭಟಿಸಿದ ಮೇಲೆ ಅದೇ ವರ್ಷ ಮೇ ತಿಂಗಳಲ್ಲಿ ದಾವೆಗಳನ್ನು ಹಿಂತೆಗೆದುಕೊಂಡಿತು. ಹದಿನೆಂಟು ವರ್ಷ ಪುಸ್ತಕದಲ್ಲಿದ್ದ ಹಕ್ಕು, ಯಾರೋ ಓದಿ ಹೇಳಿದ ದಿನ ಹೊಲಕ್ಕೆ ಬಂತು.

ನಮ್ಮನ್ನು ನಾವು ಕೇಳಿಕೊಳ್ಳಬೇಕಾದದ್ದು

ಪ್ರಿಯ ಓದುಗರೇ, ಕಟುವಾದ ಮಾತನ್ನಾಡಿದರೆ ಕ್ಷಮಿಸಿ. ನಾವು ಆಸ್ಪತ್ರೆಗಳನ್ನು ಕಟ್ಟಿದ್ದೇವೆ. ಆ ಆಸ್ಪತ್ರೆಯ ಔಷಧಕ್ಕೆ ಬೆಲೆ ಕಟ್ಟುವವರು ಯಾರೆಂದು ಕೇಳಲಿಲ್ಲ. ಶಾಲಾಕಾಲೇಜುಗಳನ್ನು ನಡೆಸುತ್ತೇವೆ, ವಿಜ್ಞಾನ ಓದಿದ ಮಗು ವೈದ್ಯನಾಗಬೇಕು, ಎಂಜಿನಿಯರನಾಗಬೇಕು, ಇಲ್ಲವೇ ದಾದಿಯಾಗಿ ವಿದೇಶಕ್ಕೆ ಹೋಗಬೇಕು ಎಂಬುದರಾಚೆಗೆ ಕನಸು ಕಾಣಲಿಲ್ಲ. ರೋಗಿಗಳಿಗಾಗಿ ನಿಧಿ ಕೂಡಿಸುತ್ತೇವೆ, ಲಾಟರಿ ಚೀಟಿ ಮಾರುತ್ತೇವೆ, ಹಬ್ಬದ ದಿನ ಡಬ್ಬಿ ಹಿಡಿಯುತ್ತೇವೆ. ಇದೆಲ್ಲ ಬೇಕು. ಆದರೆ ಒಂದು ಡಬ್ಬಿಯಲ್ಲಿ ಎಷ್ಟು ಕೂಡಿದರೆ 2,80,428 ರೂಪಾಯಿಯಾದೀತು? ಅದೂ ಪ್ರತಿ ತಿಂಗಳು? ಆ ಬೆಲೆಯನ್ನು 8,880ಕ್ಕೆ ಇಳಿಸಿದ ಆದೇಶವನ್ನು ನಮ್ಮಲ್ಲಿ ಯಾರೂ ಬರೆಯಲಿಲ್ಲ, ಬರೆಸಲಿಲ್ಲ, ಓದಲೂ ಇಲ್ಲ.

ಪೇಟೆಂಟ್ ಏಜೆಂಟರಾಗಲು ನಮ್ಮ ಕಾಯಿದೆಯ ಪ್ರಕಾರ ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಬೇಕು. ಸರ್ಕಾರ ನಡೆಸುವ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಕಾನೂನು ಪದವಿ ಕಡ್ಡಾಯವಲ್ಲ. ಸಾಮಾನ್ಯ ಬಿ.ಎಸ್ಸಿ. ಪದವೀಧರರಿಗೂ ಈ ದಾರಿ ತೆರೆದಿದೆ. ನಮ್ಮ ಊರುಗಳಲ್ಲಿ ಅಂಥ ಪದವೀಧರರಿಗೆ ಕೊರತೆಯೇ?

ವಿಳಂಬಕ್ಕೆ ಬೆಲೆಯುಂಟು. 2024ರ ಮಾರ್ಚಿನಲ್ಲಿ ಪೇಟೆಂಟ್ ನಿಯಮಗಳಿಗೆ ತಿದ್ದುಪಡಿಯಾಯಿತು. ಹಿಂದೆ ಶುಲ್ಕವಿಲ್ಲದೆ ಸಲ್ಲಿಸಬಹುದಾಗಿದ್ದ ಪೂರ್ವಭಾವಿ ಆಕ್ಷೇಪಣೆಗೆ ಈಗ ಶುಲ್ಕವಿದೆ. ಆಕ್ಷೇಪಣೆ ವಿಚಾರಣೆಗೆ ಅರ್ಹವೇ ಎಂಬುದನ್ನು ಮೊದಲು ಕಂಟ್ರೋಲರ್ ನಿರ್ಧರಿಸುತ್ತಾರೆ. ಪೇಟೆಂಟ್ ಪಡೆದವರು ಅದನ್ನು ದೇಶದಲ್ಲಿ ಎಷ್ಟರಮಟ್ಟಿಗೆ ಬಳಕೆಗೆ ತಂದಿದ್ದಾರೆಂದು ಪ್ರತಿ ವರ್ಷ ಕೊಡಬೇಕಾಗಿದ್ದ ಹೇಳಿಕೆಯನ್ನು ಈಗ ಮೂರು ವರ್ಷಕ್ಕೊಮ್ಮೆ ಕೊಟ್ಟರೆ ಸಾಕು. ನೆಕ್ಸಾವರ್ ಪ್ರಕರಣದಲ್ಲಿ ಔಷಧ ಎಷ್ಟು ಕಡಿಮೆ ರೋಗಿಗಳಿಗೆ ತಲುಪುತ್ತಿದೆ ಎಂಬುದನ್ನು ಬಯಲುಮಾಡಿದ್ದು ಇಂಥ ಹೇಳಿಕೆಗಳೇ. ಅಂದರೆ ಎರಡು ರೋಗಮುಕ್ತ ಯುವತಿಯರು ಒಳಹೊಕ್ಕ ಬಾಗಿಲು ಕಿರಿದಾಗುತ್ತಿದೆ. ಬೆಳಕು ಬರುವ ಕಿಟಕಿ ಮೂರು ವರ್ಷಕ್ಕೊಮ್ಮೆ ತೆರೆಯುತ್ತದೆ. ಕರಡು ನಿಯಮಗಳು 2023ರಲ್ಲಿ ಪ್ರಕಟವಾದಾಗ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಲಾಗಿತ್ತು. ಸಾರ್ವಜನಿಕರೆಂದರೆ ನಾವು. ನಮ್ಮಲ್ಲಿ ಎಷ್ಟು ಮಂದಿ ಒಂದು ಸಾಲಾದರೂ ಬರೆದೆವು? ನಾನೂ ಬರೆಯಲಿಲ್ಲ. ಆ ತಪ್ಪೊಪ್ಪಿಗೆಯೂ ಈ ಲೇಖನದಲ್ಲಿರಲಿ.

ಸಂಬಳದ ಬಗ್ಗೆ ಕೇಳಿದ ಹಿರಿಯರಿಗೆ ನನ್ನ ಉತ್ತರ: ಹೌದು, ಈ ವಿದ್ಯೆಯಲ್ಲಿ ಸಂಬಳವಿದೆ, ನನಗೂ ಅದು ಬೇಕು. ಮಲ್ಲಿಗೆಯ ಗಿಡಗಳು ವರ್ಷವಿಡೀ ಒಂದೇ ಸಮನೆ ಹೂ ಬಿಡುವುದಿಲ್ಲ. ನಾಳೆ ನಾನೂ ಕಂಪನಿಯೊಂದರ ಅರ್ಜಿ ಬರೆಯಬಹುದು. ಪ್ರಾಮಾಣಿಕ ಸಂಶೋಧಕನ ಅರ್ಜಿಯನ್ನು ಪ್ರಾಮಾಣಿಕವಾಗಿ ಬರೆಯುವುದು ಪಾಪವಲ್ಲ. ಆದರೆ ಪ್ರಕಟವಾಗುವ ಪತ್ರಗಳನ್ನು ನಮ್ಮ ಪಕ್ಷದಿಂದಲೂ ಓದುತ್ತೇನೆ, ತಪ್ಪಿದ್ದರೆ ಬರೆಯುತ್ತೇನೆ ಎಂಬ ಮಾತನ್ನು ಇಲ್ಲಿ ಅಚ್ಚಿನಲ್ಲಿ ಕೊಡುತ್ತಿದ್ದೇನೆ. ಮರೆತರೆ ನೀವು ನೆನಪಿಸಬಹುದು.

ಉಪಾಧ್ಯಾಯರಿಗೆ ಉತ್ತರವಲ್ಲ, ಬೇಡಿಕೆಯಿದೆ. ಸರ್, ನಿಮ್ಮಿಂದ ಅಕ್ಷರ ಕಲಿತವರು ಸಾವಿರಾರು ಮಂದಿ. ಅವರಲ್ಲಿ ವಿಜ್ಞಾನ ಓದುತ್ತಿರುವ ಇಬ್ಬರನ್ನು ನನಗೆ ತೋರಿಸಿಕೊಡಿ. ಮುಂದಿನ ಭಾನುವಾರ ಪೂಜೆಯ ನಂತರ ಅದೇ ಅಂಗಳದಲ್ಲಿ ಕುಳಿತು ಅವರೊಂದಿಗೆ ಒಂದು ಪೇಟೆಂಟ್ ವಿವರಣೆಯನ್ನು ಮೊದಲ ಪುಟದಿಂದ ಓದುತ್ತೇನೆ. ಅಮ್ಮನ ನೋಂದಣಿಯ ಅರ್ಜಿಯನ್ನೂ ತರುತ್ತೇನೆ. ಅದನ್ನು ಕನ್ನಡದಲ್ಲಿ ಅವರಿಗೆ ವಿವರಿಸುವ ಕೆಲಸ ಇನ್ನೂ ಬಾಕಿಯಿದೆ.